ಅವೆಂಟೈನ್ ಬೀದಿಯ ಕೂಟಗಳು: ‘ರೋಮ್’ ಸರಣಿಯ ಎರಡನೆಯ ಸೀಸನ್ ತೋರಿಸಿದ್ದು, ಬಿಟ್ಟದ್ದು

ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರ್ ಸೆನೆಟ್ ಸಭೆಯಲ್ಲಿ ಇರಿತಕ್ಕೆ ಬಲಿಯಾದ. ಅವನ ದತ್ತುಪುತ್ರ ಆಕ್ಟೇವಿಯನ್ ಕ್ರಿ.ಪೂ. 29ರ ಆಗಸ್ಟ್‌ನಲ್ಲಿ ಮೂರು ದಿನಗಳ ವಿಜಯೋತ್ಸವ ನಡೆಸಿ ರೋಮ್ ನಗರದ ಏಕೈಕ ಒಡೆಯನಾಗಿ ನಿಂತ. ಈ ಎರಡು ಘಟನೆಗಳ ನಡುವಿನ ಹದಿನೈದು ವರ್ಷಗಳಷ್ಟು ಘಟನೆಗಳಿಂದ ಕಿಕ್ಕಿರಿದ ಇನ್ನೊಂದು ಅವಧಿಯನ್ನು ಪ್ರಾಚೀನ ಯುರೋಪಿನ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಅಮೆರಿಕದ ಎಚ್‌ಬಿಒ, ಬ್ರಿಟನ್ನಿನ ಬಿಬಿಸಿ ಮತ್ತು ಇಟಲಿಯ ರಾಯ್ ಸಂಸ್ಥೆಗಳು ಕೂಡಿ ನಿರ್ಮಿಸಿದ ‘ರೋಮ್’ ಸರಣಿಯ ಎರಡನೆಯ ಸೀಸನ್, 2007ರ ಜನವರಿಯಿಂದ ಮಾರ್ಚ್‌ವರೆಗೆ ಪ್ರಸಾರವಾದ ಹತ್ತು ಕಂತುಗಳಲ್ಲಿ ಈ ಅಷ್ಟೂ ಅವಧಿಯನ್ನು ಹಿಡಿಯಲು ಹೊರಟಿತು. 2005ರ ಮೊದಲ ಸೀಸನ್ ಹನ್ನೆರಡು ಕಂತುಗಳನ್ನು ಬಳಸಿ ಕ್ರಿ.ಪೂ. 52ರಿಂದ 44ರವರೆಗಿನ ಎಂಟೇ ವರ್ಷಗಳ ಕಥೆ ಹೇಳಿತ್ತೆಂಬುದನ್ನು ನೆನೆದರೆ, ಎರಡನೆಯದರ ಮೇಲೆ ಬಿದ್ದ ಹೊರೆ ಎಷ್ಟೆಂಬುದು ತಿಳಿಯುತ್ತದೆ.

ಈ ಅವಸರದ ಹಿಂದಿನ ಕಾರಣ ಹಣಕಾಸಿನದು. ರೋಮ್ ನಗರದ ಹೊರವಲಯದ ಚಿನೆಚಿತ್ತಾ ಸ್ಟುಡಿಯೋದಲ್ಲಿ ಸುಮಾರು ಐದು ಎಕರೆಯಲ್ಲಿ ಕಟ್ಟಿದ ಬೀದಿ, ಗುಡಿ, ಮಾರುಕಟ್ಟೆಗಳ ವೆಚ್ಚವೂ ಸೇರಿ ಮೊದಲ ಸೀಸನ್ನಿಗೇ ಹತ್ತು ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ಮುಖ್ಯ ಲೇಖಕ ಬ್ರೂನೊ ಹೆಲ್ಲರ್ ಐದು ಸೀಸನ್‌ಗಳ ಯೋಜನೆ ಹಾಕಿಕೊಂಡಿದ್ದ. ಅದರ ಪ್ರಕಾರ ಎರಡನೆಯದು ಸೀಸರ್‌ನ ಹಂತಕರಲ್ಲೊಬ್ಬನಾದ ಬ್ರೂಟಸ್‌ನ ಮರಣದೊಂದಿಗೆ ಮುಗಿಯಬೇಕಿತ್ತು, ಮೂರನೆಯ ಮತ್ತು ನಾಲ್ಕನೆಯವು ಈಜಿಪ್ಟಿನಲ್ಲಿ ನಡೆಯಬೇಕಿತ್ತು. ಎರಡನೆಯ ಸೀಸನ್ನಿನ ಬರವಣಿಗೆ ಅರ್ಧದಲ್ಲಿರುವಾಗಲೇ ಇದೇ ಕೊನೆಯದೆಂದು ಗೊತ್ತಾಗಿ, ಮುಂದಿನ ಎರಡರ ಕಥೆಯನ್ನೂ ಇದರೊಳಗೇ ತುರುಕಬೇಕಾಯಿತು. ಆದ್ದರಿಂದ ಈ ಸೀಸನ್ನಿನ ದೋಷಗಳನ್ನೆಲ್ಲ ‘ಓಟ ಹೆಚ್ಚಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ವಿಮರ್ಶಕರಿಗೆ ಸುಲಭವಾಯಿತು. ಆದರೆ ಓಟದಲ್ಲಿ ಏನು ಕೈಬಿಟ್ಟಿತು ಎಂದು ನೋಡಿದರೆ ದೋಷ ಬೇರೆಡೆ ಇದೆ. ಈ ಸೀಸನ್ ಕಂಡುಕೊಂಡ ಅತ್ಯುತ್ತಮ ವಸ್ತು ರೋಮಿನ ಬೀದಿಯ ರಾಜಕೀಯ. ಆ ಬೀದಿಯನ್ನು ಅರಮನೆಗೆ ಜೋಡಿಸಬಲ್ಲ ವ್ಯಕ್ತಿಗಳನ್ನೂ ಘಟನೆಗಳನ್ನೂ ಅದು ಒಂದೊಂದಾಗಿ ಕಥೆಯಿಂದ ಹೊರಗಿಟ್ಟಿತು.

ಸರಣಿಯ ಇಬ್ಬರು ನಾಯಕರಾದ ಲೂಸಿಯಸ್ ವೊರೇನಸ್ ಮತ್ತು ಟೈಟಸ್ ಪುಲ್ಲೊ ಪೂರ್ತಿ ಕಲ್ಪನೆಯ ಪಾತ್ರಗಳಲ್ಲ. ಸೀಸರ್ ತನ್ನ ಗಾಲ್ ಯುದ್ಧದ ಬರಹದ ಐದನೆಯ ಭಾಗದಲ್ಲಿ ಈ ಹೆಸರಿನ ಇಬ್ಬರು ಸೆಂಚೂರಿಯನ್‌ಗಳು, ಎಂದರೆ ಸುಮಾರು ಎಂಬತ್ತು ಕಾಲಾಳುಗಳ ತುಕಡಿಯ ನಾಯಕರು, ಪರಸ್ಪರ ಪೈಪೋಟಿಯಿಂದ ಶತ್ರುಗಳ ನಡುವೆ ನುಗ್ಗಿ ಒಬ್ಬರನ್ನೊಬ್ಬರು ಉಳಿಸಿದ ಪ್ರಸಂಗವನ್ನು ದಾಖಲಿಸಿದ್ದಾನೆ. ಅದರಾಚೆಗೆ ಚರಿತ್ರೆ ಅವರ ಬಗ್ಗೆ ಹೆಚ್ಚೇನನ್ನೂ ಹೇಳುವುದಿಲ್ಲವಾದ್ದರಿಂದ ಲೇಖಕರಿಗೆ ಬಹುಮಟ್ಟಿಗೆ ಸ್ವಾತಂತ್ರ್ಯವಿತ್ತು. ಮೊದಲ ಸೀಸನ್ನಿನಲ್ಲಿ ಸೈನಿಕರಾಗಿದ್ದ ಇವರನ್ನು ಎರಡನೆಯದು ನಗರದ ಅವೆಂಟೈನ್ ಗುಡ್ಡದ ಕೆಳಗಿನ ಕೇರಿಗೆ ತಂದು, ಅಲ್ಲಿನ ‘ಕೊಲೀಜಿಯಂ’ ಎಂಬ ಕೂಟವೊಂದರ ಮುಖ್ಯಸ್ಥರನ್ನಾಗಿ ಮಾಡುತ್ತದೆ. ಸೀಸರ್ ಸತ್ತ ಮೇಲೆ ಕೂಟಗಳ ಬಡಿದಾಟ ಮಿತಿಮೀರಿ, ಅದನ್ನು ಹತ್ತಿಕ್ಕುವ ಕೆಲಸವನ್ನು ಸೀಸರ್‌ನ ಆಪ್ತ ಸೇನಾನಿ ಮಾರ್ಕ್ ಆಂಟನಿ ವೊರೇನಸ್‌ಗೆ ಒಪ್ಪಿಸುತ್ತಾನೆ. ವೊರೇನಸ್ ಎದುರಾಳಿ ಮುಖಂಡರನ್ನೆಲ್ಲ ಒಂದೆಡೆ ಕರೆದು, ಸಭೆಯ ಸಾಕ್ಷಿಯಾಗಿ ಇರಿಸಿದ್ದ ಕಾಂಕಾರ್ಡಿಯಾ ಎಂಬ ಸೌಹಾರ್ದ ದೇವತೆಯ ಪ್ರತಿಮೆಯನ್ನು ಒಡೆದುಹಾಕಿ, ತಾನು ಪಾತಾಳದೊಡೆಯ ಹೇಡೀಸ್‌ನ ಮಗನೆಂದು ಘೋಷಿಸುವ ದೃಶ್ಯ ಇಡೀ ಸರಣಿಯ ಅತ್ಯಂತ ಬಲವಾದ ದೃಶ್ಯಗಳಲ್ಲೊಂದು.

ಕೊಲೀಜಿಯಂ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಯಾವುದೇ ಸಂಘಟಿತ ಕೂಟಕ್ಕಿದ್ದ ಹೆಸರು. ಪುರೋಹಿತರಿಗೂ ಒಂದು ಕೊಲೀಜಿಯಂ ಇತ್ತು, ಬಟ್ಟೆ ಒಗೆದು ಹದ ಮಾಡುವವರಿಗೂ ಬಡಗಿಗಳಿಗೂ ಅವರವರದು ಇತ್ತು. ಇವುಗಳಲ್ಲಿ ಒಂದು ಬಗೆ ಕಸುಬಿಗೆ ಸೇರಿದ್ದಲ್ಲ, ಬೀದಿಗೆ ಸೇರಿದ್ದು. ನಾಲ್ಕು ದಾರಿ ಕೂಡುವಲ್ಲಿ ಲಾರೆಸ್ ಎಂಬ ಕಾವಲು ದೇವತೆಗಳ ಚಿಕ್ಕ ಗುಡಿಯಿರುತ್ತಿತ್ತು. ಆ ಗುಡಿಯ ಸುತ್ತ ವಾಸಿಸುವವರು ಕೂಟ ಕಟ್ಟಿಕೊಂಡು, ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ದಿನಗಳೊಳಗೆ ಬರುವ ಕೊಂಪಿಟಾಲಿಯಾ ಹಬ್ಬವನ್ನು ನಡೆಸುತ್ತಿದ್ದರು. ಹಬ್ಬದ ಹಿಂದಿನ ರಾತ್ರಿ ಪ್ರತಿ ಮನೆಯವರೂ ಮನೆಯಲ್ಲಿರುವ ಸ್ವತಂತ್ರ ಮನುಷ್ಯರ ಲೆಕ್ಕಕ್ಕೆ ಉಣ್ಣೆಯ ಬೊಂಬೆಗಳನ್ನೂ, ಗುಲಾಮರ ಲೆಕ್ಕಕ್ಕೆ ಉಣ್ಣೆಯ ಉಂಡೆಗಳನ್ನೂ ಗುಡಿಗೆ ತೂಗುಹಾಕುತ್ತಿದ್ದರೆಂದು ಲ್ಯಾಟಿನ್ ನಿಘಂಟುಕಾರರು ಬರೆದಿಟ್ಟಿದ್ದಾರೆ. ಗುಲಾಮನಿಗೆ ಬೊಂಬೆಯ ಆಕಾರವೂ ದಕ್ಕದಿದ್ದರೂ, ಆ ಹಬ್ಬದ ಉಸ್ತುವಾರಿಯಲ್ಲಿ ಗುಲಾಮರಿಗೂ ದಾಸ್ಯದಿಂದ ಬಿಡುಗಡೆ ಪಡೆದವರಿಗೂ ಪಾಲಿತ್ತು. ಸರ್ಕಾರದ ಯಾವ ಹುದ್ದೆಗೂ ಏರಲಾಗದ ಬಿಡುಗಡೆಗೊಂಡ ಗುಲಾಮ, ತನ್ನ ಬೀದಿಯ ಕೂಟದಲ್ಲಿ ‘ಮ್ಯಾಜಿಸ್ಟರ್’, ಎಂದರೆ ಯಜಮಾನ, ಎನಿಸಿಕೊಳ್ಳಬಹುದಿತ್ತು.

ಇಂಥ ಕೂಟಗಳ ಮೇಲೆ ಸೆನೆಟ್ಟಿಗೆ ಮೊದಲಿನಿಂದಲೂ ಅನುಮಾನ. ಕ್ರಿ.ಪೂ. 64ರಲ್ಲಿ ಅದು ಅನೇಕ ಕೂಟಗಳನ್ನು ರದ್ದುಮಾಡಿತು. ಆರು ವರ್ಷಗಳ ನಂತರ ಪ್ಯೂಬ್ಲಿಯಸ್ ಕ್ಲೋಡಿಯಸ್, ಸಾಮಾನ್ಯ ಜನರ ಪ್ರತಿನಿಧಿಯಾದ ಟ್ರಿಬ್ಯೂನ್ ಹುದ್ದೆಯಲ್ಲಿದ್ದಾಗ, ಒಂದೇ ವರ್ಷದಲ್ಲಿ ಎರಡು ಕಾನೂನುಗಳನ್ನು ತಂದ. ಒಂದು ಕೂಟಗಳಿಗೆ ಮತ್ತೆ ಅವಕಾಶ ಕೊಟ್ಟಿತು, ಇನ್ನೊಂದು ನಗರದ ಪೌರರಿಗೆ ತಿಂಗಳ ಧಾನ್ಯದ ಪಡಿಯನ್ನು ಪೂರ್ತಿ ಉಚಿತವಾಗಿಸಿತು. ಬೀದಿಬೀದಿಗಳಲ್ಲಿ ಜನರನ್ನು ಪಟ್ಟಿಮಾಡಿ ಸಂಘಟಿಸಲು ಕೂಟ ಒಂದು ದಾರಿಯಾದರೆ, ಆ ಸಂಘಟನೆಗೆ ಹೊಟ್ಟೆಯ ಆಧಾರ ಒದಗಿಸಿದ್ದು ಧಾನ್ಯ. ಮುಂದೆ ಸೀಸರ್ ಹಳೆಯ ಕೂಟಗಳನ್ನಷ್ಟೇ ಉಳಿಸಿ ಮಿಕ್ಕವನ್ನು ಮುಚ್ಚಿಸಿದ್ದೂ, ಪಡಿ ಪಡೆಯುವವರ ಸಂಖ್ಯೆಯನ್ನು 3,20,000ದಿಂದ 1,50,000ಕ್ಕೆ ಇಳಿಸಿದ್ದೂ ಇದೇ ಜೋಡಿಯನ್ನು ಮುರಿಯುವ ಪ್ರಯತ್ನ.

ಕ್ಲೋಡಿಯಸ್‌ನ ಕೂಟಗಳು ಗೂಂಡಾಗಳ ಪಡೆಗಳಾಗಿದ್ದವೆಂಬ ಚಿತ್ರ ಬಹುಮಟ್ಟಿಗೆ ವಾಗ್ಮಿ ಹಾಗೂ ಸೆನೆಟರ್ ಸಿಸೆರೊನ ಬರಹಗಳಿಂದ ಬಂದದ್ದು. ಸಿಸೆರೊನನ್ನು ದೇಶದಿಂದ ಓಡಿಸಿ ಪ್ಯಾಲಟೈನ್ ಗುಡ್ಡದ ಮೇಲಿದ್ದ ಅವನ ಮನೆಯನ್ನು ಕೆಡವಿಸಿದವನೇ ಕ್ಲೋಡಿಯಸ್ ಎಂಬುದನ್ನು ಮರೆತು ಆ ಬರಹಗಳನ್ನು ಓದುವಂತಿಲ್ಲ. ಸರಣಿಯು ಸಿಸೆರೊನನ್ನು ಪುಕ್ಕಲನೆಂದು ಲೇವಡಿ ಮಾಡುತ್ತಲೇ, ಬೀದಿಯ ಬಗ್ಗೆ ಮಾತ್ರ ಅವನ ಸಾಕ್ಷ್ಯವನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದೆ. ಅದರ ಅವೆಂಟೈನ್ ಕೂಟಕ್ಕೆ ಸುಲಿಗೆ, ಕೊಲೆ, ಬಂದರಿನ ಹಫ್ತಾ, ವೇಶ್ಯಾವಾಟಿಕೆ ಇಷ್ಟೇ ಕಸುಬು. ಹಬ್ಬವಿಲ್ಲ, ಗುಡಿಯ ಪಾಳಿಯಿಲ್ಲ, ಸತ್ತ ಸದಸ್ಯನ ಅಂತ್ಯಕ್ರಿಯೆಗೆ ಒಟ್ಟುಹಾಕುವ ವಂತಿಗೆಯಿಲ್ಲ. ಸಿಸಿಲಿಯ ಮಾಫಿಯಾ ಕುರಿತ ಸಿನಿಮಾಗಳ ಮೇಜು, ಮುಖಂಡರ ಸಂಧಾನ, ಕೈಮುತ್ತಿಡುವ ಗತ್ತು ಎಲ್ಲವೂ ಟೋಗಾ ತೊಟ್ಟು ಬಂದಂತೆ ಕಾಣುತ್ತವೆ.

ಹಾಗಿದ್ದರೂ ಬೀದಿಯ ಕಣ್ಣಿನಿಂದ ದೊಡ್ಡ ಘಟನೆಗಳನ್ನು ನೋಡುವ ಉಪಾಯ ಹಲವೆಡೆ ಅದ್ಭುತವಾಗಿ ಫಲಿಸಿದೆ. ಸೀಸರ್‌ನ ಶವದ ಮುಂದೆ ಆಂಟನಿ ಮಾಡಿದ ಭಾಷಣ ಷೇಕ್ಸ್‌ಪಿಯರ್‌ನಿಂದಾಗಿ ಜಗತ್ತಿಗೆಲ್ಲ ಪರಿಚಿತ. ಅದರೊಡನೆ ಸ್ಪರ್ಧೆಗಿಳಿಯದೆ, ಅಂತ್ಯಕ್ರಿಯೆಯನ್ನು ಕಂಡುಬಂದವನೊಬ್ಬ ತನ್ನ ಜನರೆದುರು ಅದನ್ನು ಅಭಿನಯಿಸಿ ಹೇಳುವಂತೆ ಮಾಡಿದ್ದು ಜಾಣತನ ಮಾತ್ರವಲ್ಲ, ಚರಿತ್ರೆಗೂ ಹತ್ತಿರ. ರೋಮಿನ ಬಹುಪಾಲು ಜನಕ್ಕೆ ಸುದ್ದಿ ತಲುಪುತ್ತಿದ್ದುದೇ ಹಾಗೆ. ಫೋರಂ ಎಂಬ ನಗರಮಧ್ಯದ ಬಯಲಿನಲ್ಲಿ ನಿಂತು, ಬೆರಳುಗಳ ಮುದ್ರೆಗಳೊಡನೆ ಸರ್ಕಾರದ ಪ್ರಕಟಣೆಗಳನ್ನು ಸಾರುತ್ತ ನಡುವೆ ರೊಟ್ಟಿಯ ಜಾಹೀರಾತನ್ನೂ ಕೂಗುವ ಡಂಗುರದವನ ಪಾತ್ರವೂ ಅದೇ ಜಾಡಿನದು.

ಎರಡು ದೃಶ್ಯಗಳಲ್ಲಿ ಬೀದಿ ಮತ್ತು ಗ್ರಂಥ ಎರಡೂ ಸರಿಸಮವಾಗಿ ಕೂಡುತ್ತವೆ, ಎರಡೂ ಸಿಸೆರೊನಿಗೆ ಸಂಬಂಧಿಸಿದವು. ಕ್ರಿ.ಪೂ. 44ರ ಸೆಪ್ಟೆಂಬರ್ ಮತ್ತು ಮರುವರ್ಷದ ಏಪ್ರಿಲ್ ನಡುವೆ ಆಂಟನಿಯ ವಿರುದ್ಧ ಸಿಸೆರೊ ರಚಿಸಿದ ಹದಿನಾಲ್ಕು ಭಾಷಣಗಳಿಗೆ ಫಿಲಿಪ್ಪಿಕ್‌ಗಳೆಂದು ಹೆಸರು. ಇವುಗಳಲ್ಲಿ ಅತ್ಯಂತ ಕಟುವಾದ ಎರಡನೆಯದನ್ನು ಅವನು ಸಭೆಯಲ್ಲಿ ಮಾಡಲೇ ಇಲ್ಲ, ಬರಹದ ರೂಪದಲ್ಲಿ ಹರಡಿದ. ಸರಣಿಯಲ್ಲಿ ಸಿಸೆರೊ ಊರು ಬಿಟ್ಟಿರುತ್ತಾನೆ. ಅವನ ಮಾತುಗಳನ್ನು ಗುಮಾಸ್ತನೊಬ್ಬ ಆಂಟನಿಯ ಮುಂದೆಯೇ ನಡುಗುತ್ತ ಓದುತ್ತಾನೆ, ಕೊನೆಗೆ ಆಂಟನಿ ಆ ಸುರುಳಿಯಿಂದಲೇ ಅವನನ್ನು ಬಡಿದು ಕೊಲ್ಲುತ್ತಾನೆ. ಆ ಕೊಲೆ ನಡೆದದ್ದಲ್ಲ, ಆದರೆ ಮಾತಾಡದ ಭಾಷಣವೊಂದು ಬರಹವಾಗಿಯೇ ಬಂದು ಮುಟ್ಟಿತೆಂಬ ತಿರುಳು ನಿಜ.

ಎರಡನೆಯದು ಸಿಸೆರೊನ ಮರಣ. ಕ್ರಿ.ಪೂ. 43ರ ನವೆಂಬರ್‌ನಲ್ಲಿ ಆಂಟನಿ, ಆಕ್ಟೇವಿಯನ್ ಮತ್ತು ಲೆಪಿಡಸ್ ಕೂಡಿ ತ್ರಿಸದಸ್ಯ ಆಡಳಿತವನ್ನು ಸ್ಥಾಪಿಸಿಕೊಂಡು, ಶತ್ರುಗಳ ಹೆಸರುಗಳನ್ನು ಬಹಿರಂಗವಾಗಿ ಬರೆದು ತೂಗುಹಾಕಿದರು. ಪ್ರೊಸ್ಕ್ರಿಪ್ಷನ್ ಎನಿಸಿಕೊಂಡ ಈ ಪಟ್ಟಿಯಲ್ಲಿ ಹೆಸರು ಬಿದ್ದವನನ್ನು ಯಾರು ಕೊಂದರೂ ಅಪರಾಧವಾಗುತ್ತಿರಲಿಲ್ಲ, ಅವನ ಆಸ್ತಿ ಮುಟ್ಟುಗೋಲಾಗುತ್ತಿತ್ತು. ಚರಿತ್ರಕಾರ ಅಪಿಯನ್ ಕೊಡುವ ಲೆಕ್ಕದಂತೆ ಸುಮಾರು 300 ಸೆನೆಟರುಗಳೂ 2,000 ಕುದುರೆಸವಾರ ವರ್ಗದ ಶ್ರೀಮಂತರೂ ಪಟ್ಟಿಗೆ ಸೇರಿದರು. ತಲೆ ತಂದ ಸ್ವತಂತ್ರನಿಗೆ 25,000 ದ್ರಾಕ್ಮ, ಗುಲಾಮನಿಗೆ 10,000 ದ್ರಾಕ್ಮ ಮತ್ತು ಬಿಡುಗಡೆ. ಸರಣಿಯಲ್ಲಿ ಈ ಕೆಲಸ ಅವೆಂಟೈನ್ ಕೂಟಕ್ಕೆ ಬರುತ್ತದೆ. ಪುಲ್ಲೊ ಹೆಂಡತಿಯನ್ನೂ ಗೆಳೆಯನ ಮಕ್ಕಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ವನಭೋಜನಕ್ಕೆಂಬಂತೆ ಹೊರಟು, ಸಿಸೆರೊನ ತೋಟದಲ್ಲಿ ಅವನೊಡನೆ ಸೌಜನ್ಯದಿಂದ ಮಾತಾಡಿ, ಪೀಚ್ ಹಣ್ಣು ಕಿತ್ತುಕೊಳ್ಳಲು ಅನುಮತಿ ಪಡೆದು, ನಂತರ ಕೊಲ್ಲುತ್ತಾನೆ. ನಿಜವಾದ ಸಿಸೆರೊ ಸತ್ತದ್ದು ಡಿಸೆಂಬರ್ 7ರಂದು, ಇಟಲಿಯಲ್ಲಿ ಮರದ ಮೇಲೆ ಪೀಚ್ ಇರುವ ಕಾಲವಲ್ಲ ಅದು. ಆದರೆ ಕೊಲೆ ದಿನಗೂಲಿಯ ಕೆಲಸದಂತೆ ನಡೆದುಹೋದ ಆ ವಾರಗಳ ಹದವನ್ನು ಹಿಡಿಯಲು ಆ ಅಕಾಲದ ಹಣ್ಣು ನೆರವಾಗಿದೆ, ಅದನ್ನು ದೋಷವೆಂದು ಎಣಿಸುವುದು ಸಣ್ಣತನ.

ಎಣಿಸಬೇಕಾದ ದೋಷ ಬೇರೆ ಇದೆ. ಸಿಸೆರೊನ ಕತ್ತರಿಸಿದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅವನ ನಾಲಗೆಗೆ ತಲೆಪಿನ್ನು ಚುಚ್ಚಿದಳೆಂದು ಚರಿತ್ರಕಾರ ಕ್ಯಾಸಿಯಸ್ ಡಿಯೊ ಬರೆದಿರುವ ಫುಲ್ವಿಯಾ ಈ ಸೀಸನ್ನಿನಲ್ಲಿ ಇಲ್ಲವೇ ಇಲ್ಲ. ಆಕೆ ಆಗ ಆಂಟನಿಯ ಹೆಂಡತಿ. ಆಕೆಯ ಮೊದಲ ಗಂಡನಾಗಿದ್ದವನು ಬೇರಾರೂ ಅಲ್ಲ, ಕೂಟಗಳನ್ನು ಕಟ್ಟಿದ ಕ್ಲೋಡಿಯಸ್. ಕ್ರಿ.ಪೂ. 52ರಲ್ಲಿ ಅವನು ಆಪ್ಪಿಯನ್ ಹೆದ್ದಾರಿಯಲ್ಲಿ ಹತನಾದಾಗ ಗಾಯಗಳೆಲ್ಲ ಕಾಣುವಂತೆ ಶವವನ್ನು ಮನೆಯಂಗಳದಲ್ಲಿಟ್ಟು ಜನರನ್ನು ಕೆರಳಿಸಿದವಳು ಆಕೆ. ಕೆರಳಿದ ಜನ ಸೆನೆಟ್ ಭವನವನ್ನೇ ಅವನ ಚಿತೆಯಾಗಿಸಿದರು. ಪ್ಯಾಲಟೈನಿನ ಸಿರಿವಂತ ಮನೆ ಮತ್ತು ಅವೆಂಟೈನಿನ ಬೀದಿ ಎರಡರಲ್ಲೂ ಹೆಸರು ನಡೆಯುತ್ತಿದ್ದ ಒಬ್ಬಳೇ ಹೆಂಗಸು ಆಕೆಯಿರಬೇಕು. ಸರಣಿಯು ಆಂಟನಿಯನ್ನು ಆಕ್ಟೇವಿಯನ್‌ನ ತಾಯಿ ಆಟಿಯಾಳಿಗೆ ಪ್ರಿಯಕರನಾಗಿ ಗಂಟುಹಾಕಿದ್ದರಿಂದ ಫುಲ್ವಿಯಾಳಿಗೆ ಜಾಗ ಉಳಿಯಲಿಲ್ಲ. ಚರಿತ್ರೆಯ ಆಟಿಯಾ ಕ್ರಿ.ಪೂ. 43ರಲ್ಲೇ ತೀರಿಕೊಂಡಳು, ಸರಣಿಯವಳು ಕೊನೆಯ ಕಂತಿನವರೆಗೂ ಬದುಕಿ ಮಗನ ಮೆರವಣಿಗೆಯನ್ನು ನೋಡುತ್ತಾಳೆ. ಪಾಲಿ ವಾಕರ್‌ಳ ಅಭಿನಯ ಆ ಪಾತ್ರವನ್ನು ಸರಣಿಯ ಜೀವಾಳವಾಗಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆಟಿಯಾ ಮತ್ತು ಬ್ರೂಟಸ್‌ನ ತಾಯಿ ಸರ್ವಿಲಿಯಾ ನಡುವಿನ ಹಗೆ ಶಾಪ, ಚಿತ್ರಹಿಂಸೆ, ವಿಷಗಳಿಂದಾಚೆ ಹೋಗದೆ ಎರಡು ಮನೆಗಳ ಜಗಳವಾಗಿ ನಿಲ್ಲುತ್ತದೆ. ಫುಲ್ವಿಯಾ ಇದ್ದಿದ್ದರೆ ಹೆಂಗಸಿನ ಹಗೆ ಸೈನ್ಯವಾಗಿ ಬೆಳೆದದ್ದನ್ನು ತೋರಿಸಬಹುದಿತ್ತು.

ಅದು ಬೆಳೆದದ್ದು ಪೆರೂಸಿಯಾದಲ್ಲಿ, ಎಂದರೆ ಇಂದಿನ ಪೆರುಜಿಯಾದಲ್ಲಿ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಜಮೀನು ಕೊಡಲು ಇಟಲಿಯ ಹದಿನೆಂಟು ಪಟ್ಟಣಗಳ ಭೂಮಿಯನ್ನು ಗುರುತಿಸಲಾಗಿತ್ತು. ಒಕ್ಕಲೆದ್ದ ರೈತರ ಪರವಾಗಿ ಆಂಟನಿಯ ತಮ್ಮ ಲೂಸಿಯಸ್ ಮತ್ತು ಫುಲ್ವಿಯಾ ಆಕ್ಟೇವಿಯನ್ ವಿರುದ್ಧ ಎದ್ದರು, ಕ್ರಿ.ಪೂ. 41–40ರ ಚಳಿಗಾಲವಿಡೀ ಪಟ್ಟಣ ಮುತ್ತಿಗೆಯಲ್ಲಿ ಹಸಿಯಿತು. ಅಲ್ಲಿ ನೆಲದಿಂದ ಸಿಕ್ಕಿರುವ ಸೀಸದ ಕವಣೆಗುಂಡುಗಳ ಮೇಲೆ ಸೈನಿಕರು ಫುಲ್ವಿಯಾ ಮತ್ತು ಆಕ್ಟೇವಿಯನ್ ಇಬ್ಬರ ಹೆಸರನ್ನೂ ಅಚ್ಚೊತ್ತಿ, ಗುಂಡು ಅವರ ದೇಹದ ಯಾವ ಭಾಗಕ್ಕೆ ಬೀಳಬೇಕೆಂಬುದನ್ನು ಅತಿ ಅಶ್ಲೀಲವಾಗಿ ಸೂಚಿಸಿದ್ದಾರೆ. ಬೀದಿಮಾತಿನ ಒರಟುತನವನ್ನು ಇಷ್ಟೊಂದು ಪ್ರೀತಿಯಿಂದ ಬಳಸಿಕೊಂಡ ಸರಣಿಯೊಂದು ಈ ಗುಂಡುಗಳನ್ನು ಕೈಬಿಟ್ಟದ್ದು ವಿಚಿತ್ರ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇಬ್ಬರು ಮಾಜಿ ಸೈನಿಕರ ಕಥೆಯೊಳಗೆ ಸೈನಿಕನ ಜಮೀನು ಯಾರ ಹೊಲವಾಗಿತ್ತೆಂಬ ಪ್ರಶ್ನೆ ಈ ಸೀಸನ್ನಿನಲ್ಲಿ ಏಳುವುದೇ ಇಲ್ಲ.

ಧಾನ್ಯದ ವಿಷಯದಲ್ಲಿ ಆಗಿರುವುದು ಇನ್ನೂ ಕುತೂಹಲಕರ. ಕೊನೆಯ ಕಂತುಗಳಲ್ಲಿ ರೋಮ್ ಹಸಿದಿದೆ. ಈಜಿಪ್ಟಿನಲ್ಲಿ ಕೂತ ಆಂಟನಿ ಧಾನ್ಯದ ಹಡಗುಗಳನ್ನು ತಡೆದಿದ್ದಾನೆ, ಈಗ ಪುಲ್ಲೊನ ಕೈಗೆ ಬಂದಿರುವ ಕೂಟ ಕರಗುತ್ತಿರುವ ದಾಸ್ತಾನನ್ನು ಹಂಚಲು ಹೆಣಗುತ್ತಿದೆ. ಆದರೆ ಆ ಕಾಲಕ್ಕೆ ನಗರದ ಧಾನ್ಯ ಬರುತ್ತಿದ್ದುದು ಮುಖ್ಯವಾಗಿ ಸಿಸಿಲಿ, ಸಾರ್ಡೀನಿಯಾ ಮತ್ತು ಉತ್ತರ ಆಫ್ರಿಕಾದಿಂದ. ಈಜಿಪ್ಟ್ ರೋಮಿನ ಕಣಜವಾದದ್ದು ಅದು ರೋಮಿಗೆ ಸೇರಿದ ಮೇಲೆ. ನಿಜವಾದ ಹಸಿವು ಬಂದದ್ದು ಸುಮಾರು ಹತ್ತು ವರ್ಷ ಮೊದಲು, ಸೀಸರ್‌ನ ಎದುರಾಳಿಯಾಗಿದ್ದ ಮಹಾ ಪಾಂಪೆಯ ಕಿರಿಯ ಮಗ ಸೆಕ್ಸ್‌ಟಸ್ ಸಿಸಿಲಿಯನ್ನು ಹಿಡಿದು ಸಮುದ್ರಮಾರ್ಗವನ್ನು ಕಟ್ಟಿದಾಗ. ಹಸಿದ ಜನ ಫೋರಂನಲ್ಲಿ ಆಕ್ಟೇವಿಯನ್ ಮೇಲೆ ಕಲ್ಲು ತೂರಿದರು. ಅವನ ಜೀವ ಉಳಿಸಲು ಸೈನಿಕರೊಡನೆ ಬಂದವನು ಆಂಟನಿ, ಸತ್ತವರ ಹೆಣಗಳನ್ನು ಟೈಬರ್ ನದಿಗೆ ಎಸೆಯಲಾಯಿತು. ಕ್ರಿ.ಪೂ. 39ರಲ್ಲಿ ಮಿಸೆನಂ ಎಂಬಲ್ಲಿ ಸೆಕ್ಸ್‌ಟಸ್‌ನೊಡನೆ ಆದ ಒಪ್ಪಂದಕ್ಕೆ ಮೂಲ ಬೀದಿಯ ಈ ಒತ್ತಡವೇ. ಸರಣಿಯು ಸೆಕ್ಸ್‌ಟಸ್‌ನನ್ನು ಅಳಿಸಿ ಅವನ ಹಸಿವನ್ನು ಆಂಟನಿಯ ಲೆಕ್ಕಕ್ಕೆ ಬರೆಯಿತು. ಇದರಿಂದ ಕಥೆ ಸರಳವಾಯಿತು ನಿಜ, ಆದರೆ ಜನರೇ ಮೇಲಿನವರನ್ನು ಮಣಿಸಿದ ಒಂದೇ ಸಂದರ್ಭ ಕೈತಪ್ಪಿತು. ಸೆಕ್ಸ್‌ಟಸ್‌ನ ನೆಲೆಗೆ ಓಡಿಹೋಗಿ ಸೇರಿದವರಲ್ಲಿ ಗುಲಾಮರೂ ಬಹಳ ಮಂದಿ ಇದ್ದರು. ಅವನನ್ನು ಸೋಲಿಸಿದ ಮೇಲೆ 30,000 ಗುಲಾಮರನ್ನು ಶಿಕ್ಷೆಗಾಗಿ ಯಜಮಾನರಿಗೆ ಒಪ್ಪಿಸಿದೆನೆಂದು ಆಕ್ಟೇವಿಯನ್ ಮುಂದೆ ತನ್ನ ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಪುಲ್ಲೊನ ಮನೆಯೊಳಗಿನ ಗುಲಾಮಗಿರಿಯ ಸಂಕಟವನ್ನು ಅಷ್ಟು ಹೊತ್ತು ಹೇಳುವ ಸರಣಿಗೆ ಈ ಸಂಖ್ಯೆ ಬೇಕಿತ್ತು.

ಸೆಕ್ಸ್‌ಟಸ್ ಕಥೆಯಲ್ಲಿ ಇಲ್ಲವಾದ ಮೇಲೆ ಅವನನ್ನು ನೌಲೋಕಸ್ ಬಳಿಯ ಸಮುದ್ರಯುದ್ಧದಲ್ಲಿ ಸೋಲಿಸಿದ ಆಕ್ಟೇವಿಯನ್‌ನ ಸೇನಾನಿ ಅಗ್ರಿಪನಿಗೆ ಮಾಡಲು ಕೆಲಸವಿಲ್ಲದೆ, ಅವನು ಆಕ್ಟೇವಿಯನ್‌ನ ಅಕ್ಕ ಆಕ್ಟೇವಿಯಾಳನ್ನು ಗುಟ್ಟಾಗಿ ಪ್ರೀತಿಸಿ ನಿಟ್ಟುಸಿರಿಡುತ್ತಾನೆ. ಚರಿತ್ರೆಯ ಅಗ್ರಿಪ ಕ್ರಿ.ಪೂ. 33ರಲ್ಲಿ ನಗರದ ಕೆಲಸಗಳ ಉಸ್ತುವಾರಿ ಹೊತ್ತು, ಚರಂಡಿಗಳನ್ನು ಹೂಳೆತ್ತಿಸಿ ದೊಡ್ಡ ಚರಂಡಿಯೊಳಗೆ ದೋಣಿಯಲ್ಲಿ ಸಾಗಿ ಟೈಬರ್ ನದಿಗೆ ಬಂದ. ಹೊಸ ನೀರಿನ ಕಾಲುವೆ ಕಟ್ಟಿಸಿ ನೂರಾರು ಕಾರಂಜಿಗಳನ್ನು ನಿಲ್ಲಿಸಿದ, ಎಣ್ಣೆ ಮತ್ತು ಉಪ್ಪು ಹಂಚಿದ, ಹಬ್ಬದ ದಿನಗಳಿಗೆ ಕ್ಷೌರಿಕರನ್ನೂ ಗೊತ್ತುಮಾಡಿ ಜನಕ್ಕೆ ಖರ್ಚಿಲ್ಲದಂತೆ ನೋಡಿಕೊಂಡ. ಆಂಟನಿಯೊಡನೆ ಕೊನೆಯ ಯುದ್ಧಕ್ಕೆ ಮೊದಲು ಬೀದಿಯನ್ನು ಆಕ್ಟೇವಿಯನ್ ಗೆದ್ದದ್ದು ಹೀಗೆ. ಚಿನೆಚಿತ್ತಾದಲ್ಲಿ ಕಟ್ಟಿದ ಆ ಕೊಳಕು ಬೀದಿಗಳಿಗಿಂತ ಇದಕ್ಕೆ ಒಳ್ಳೆಯ ರಂಗಸ್ಥಳ ಯಾವುದಿತ್ತು?

ಯುದ್ಧಗಳ ವಿಷಯ ಬೇಗ ಮುಗಿಸಬಹುದು. ಕ್ರಿ.ಪೂ. 42ರ ಅಕ್ಟೋಬರ್‌ನಲ್ಲಿ ಫಿಲಿಪ್ಪಿಯಲ್ಲಿ ಬ್ರೂಟಸ್‌ನ ಪಡೆಗಳೊಡನೆ ನಡೆದ ಎರಡು ಯುದ್ಧಗಳು ಒಂದಾಗಿವೆ. ಬ್ರೂಟಸ್ ಆತ್ಮಹತ್ಯೆ ಮಾಡಿಕೊಳ್ಳುವ ಬದಲು ಒಬ್ಬನೇ ಶತ್ರುಸಾಲಿನತ್ತ ನಡೆದು, ಸೀಸರ್‌ನಂತೆಯೇ ಹಲವರ ಇರಿತಕ್ಕೆ ಒಳಗಾಗುತ್ತಾನೆ. ಆಂಟನಿ ಆಕ್ಟೇವಿಯನ್‌ಗೆ ಸೋತ ಆಕ್ಟಿಯಂ ಸಮುದ್ರಯುದ್ಧ ತೆರೆಯ ಮೇಲೆ ಬರುವುದೇ ಇಲ್ಲ, ಅದರ ಕೊರತೆ ಅಷ್ಟಾಗಿ ಕಾಡುವುದೂ ಇಲ್ಲ. ಕಾಡುವುದು ಕಾಲದ ಗೊಂದಲ: ಹದಿನಾಲ್ಕು ವರ್ಷ ಕಳೆದರೂ ವೊರೇನಸ್‌ನ ಹೆಣ್ಣುಮಕ್ಕಳು ಹೆಚ್ಚುಕಡಿಮೆ ಅಷ್ಟೇ ಎಳೆಯರಾಗಿ ಉಳಿದಿದ್ದಾರೆ, ಆಕ್ಟೇವಿಯನ್ ಮಾತ್ರ ಆರಂಭದ ಕೆಲವು ಕಂತುಗಳ ನಂತರ ಬೇರೆ ನಟನಾಗಿ ಬರುತ್ತಾನೆ. ಮ್ಯಾಕ್ಸ್ ಪರ್ಕಿಸ್‌ನ ಬಾಲಕನಲ್ಲಿದ್ದ ಕುತೂಹಲ ಸೈಮನ್ ವುಡ್ಸ್‌ನ ಯುವಕನಲ್ಲಿ ಹೆಪ್ಪುಗಟ್ಟಿದ ಲೆಕ್ಕಾಚಾರವಾಗಿದೆ. ಆಂಟನಿಯ ಉಯಿಲನ್ನು ಬಹಿರಂಗಪಡಿಸಿ ಜನರನ್ನು ತಿರುಗಿಸುವ ಅವನ ತಂತ್ರ ಕ್ರಿ.ಪೂ. 32ರಲ್ಲಿ ನಿಜವಾಗಿ ನಡೆದದ್ದೇ.

ಕೊನೆಯ ಕಂತು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಮಗ ಸಿಸೇರಿಯನ್‌ನನ್ನು ಪುಲ್ಲೊನ ಮಗನೆಂದು ಕಲ್ಪಿಸಿ, ಅವನನ್ನು ಬದುಕಿಸಿ ರೋಮಿನ ಬೀದಿಗೆ ಕಳಿಸುತ್ತದೆ. ಪ್ಲೂಟಾರ್ಕ್ ಹೇಳುವ ಕಥೆ ಬೇರೆ: ತಾಯಿ ಅವನನ್ನು ಅಪಾರ ಹಣದೊಡನೆ ಇಥಿಯೋಪಿಯಾದ ದಾರಿಯಾಗಿ ಭಾರತಕ್ಕೆ ಕಳಿಸಿದ್ದಳು, ಶಿಕ್ಷಕನೊಬ್ಬ ಮನವೊಲಿಸಿ ಹಿಂದಕ್ಕೆ ಕರೆತಂದ, ಆಕ್ಟೇವಿಯನ್ ಕೊಲ್ಲಿಸಿದ. ಆ ಹುಡುಗ ಬಾರದ ದಾರಿಯಲ್ಲಿ ರೋಮಿನ ಹಣವಂತೂ ಬಂತು. ಈಜಿಪ್ಟ್ ವಶವಾದ ಮೇಲೆ ಕೆಂಪು ಸಮುದ್ರದ ಮಯೋಸ್ ಹಾರ್ಮೋಸ್ ಬಂದರಿನಿಂದ 120 ಹಡಗುಗಳು ಭಾರತದತ್ತ ಹೊರಡುತ್ತಿದ್ದವೆಂದು ಸ್ಟ್ರೇಬೊ ಬರೆದಿದ್ದಾನೆ, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಆಕ್ಟೇವಿಯನ್ ಅಗಸ್ಟಸ್ ಆದ ಮೇಲಿನ ಬೆಳ್ಳಿಯ ದಿನಾರಿಗಳು ಸಿಕ್ಕಿವೆ.

ಅವೆಂಟೈನ್ ಕೂಟವನ್ನು ಪುಲ್ಲೊನ ಕೈಯಲ್ಲಿಟ್ಟು ಸರಣಿ ನಿಲ್ಲುತ್ತದೆ. 2007ರ ಆಗಸ್ಟ್‌ನಲ್ಲಿ ಚಿನೆಚಿತ್ತಾದಲ್ಲಿ ಬಿದ್ದ ಬೆಂಕಿ ಅದರ ಬೀದಿಗಳ ಒಂದು ಭಾಗವನ್ನು ಸುಟ್ಟಿತು. ನಿಜವಾದ ಕೂಟಗಳ ಕಥೆ ಮುಗಿಯಲು ಆಕ್ಟೇವಿಯನ್‌ನ ವಿಜಯೋತ್ಸವದ ನಂತರ ಇನ್ನೂ ಎರಡು ದಶಕ ಬೇಕಾದವು. ಅಗಸ್ಟಸ್ ಅವುಗಳ ಮೇಲೆ ಹೊಸ ಕಾನೂನು ತಂದು, ಅನುಮತಿ ಪಡೆದ ಕೂಟಗಳನ್ನಷ್ಟೇ ಉಳಿಸಿದ. ಕ್ರಿ.ಪೂ. 7ರಲ್ಲಿ ನಗರವನ್ನು ಹದಿನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿ ಬೀದಿಗೂ ನಾಲ್ವರು ಯಜಮಾನರನ್ನು ಗೊತ್ತುಮಾಡಿದ. ಅವರಲ್ಲಿ ಹೆಚ್ಚಿನವರು ಕ್ಲೋಡಿಯಸ್‌ನ ಕಾಲದಲ್ಲಿದ್ದಂತೆಯೇ ದಾಸ್ಯದಿಂದ ಬಿಡುಗಡೆಗೊಂಡವರು. ಕೂಡುರಸ್ತೆಯ ಗುಡಿಗಳೂ ಹಬ್ಬವೂ ಉಳಿದವು, ಆದರೆ ಅಲ್ಲಿ ಪೂಜೆಗೊಳ್ಳುವ ಲಾರೆಸ್ ಈಗ ಅಗಸ್ಟಸ್‌ನ ಮನೆಯ ಲಾರೆಸ್. ಮುಸೊಲಿನಿ ಫೋರಂಗಳ ನಡುವೆ ಹೆದ್ದಾರಿ ಕಡಿಸುತ್ತಿದ್ದಾಗ, 1932ರಲ್ಲಿ, ಇಂಥ ಗುಡಿಯೊಂದು ಶಾಸನಸಹಿತ ಹೊರಬಂತು, ಕ್ರಿ.ಪೂ. 5ರದು. ಹೆಲ್ಲರ್‌ನ ಐದು ಸೀಸನ್‌ಗಳೂ ಬಂದಿದ್ದರೆ ಕಥೆ ಪ್ಯಾಲೆಸ್ಟೈನಿಗೆ ಹೋಗುವುದಿತ್ತು. ಅವೆಂಟೈನ್ ಕೂಟ ಆ ನಾಲ್ವರು ಯಜಮಾನರ ಕೈಗೆ ಹೇಗೆ ಬಂತೆಂಬುದನ್ನು ತೋರಿಸುವ ಯೋಜನೆ ಅದರಲ್ಲೂ ಇದ್ದಂತೆ ಕಾಣುವುದಿಲ್ಲ.